ಮುಧೋಳ ನಾಯಿಯನ್ನು ನಂಬಿ ಬಿಟ್ಟುಹೋಗಲು ಸುರತ್ಕಲ್ ಬಳಿ ಸಿಕ್ಕಿದ ಜಾಗ

ಕಳೆದ ಆಟಿ ತಿಂಗಳಿನಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ಅಣ್ಣನ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಊರು ಬಿಡಬೇಕಾಗಿ ಬಂದಾಗ, ನಮ್ಮ ಮೂರು ವರ್ಷದ ಮುಧೋಳ ನಾಯಿ ಬೊಳ್ಳುವನ್ನು ಸುರತ್ಕಲ್ ಸಮೀಪದ ಒಂದು ನಾಯಿ ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದೆವು. ಅದರ ಹಿಂದಿನ ವರ್ಷ ಮಂಗಳೂರಿನ ಬೇರೊಂದು ಕಡೆ ಬಿಟ್ಟಿದ್ದಾಗ ದಿನವಿಡೀ ಗೂಡಿನಲ್ಲೇ ಉಳಿದು, ಕಂಬಿ ಕಚ್ಚಿ ಒಸಡು ಗಾಯ ಮಾಡಿಕೊಂಡು ಬಂದಿದ್ದ. ಹಾಗಾಗಿ ಈ ಬಾರಿ ನಾನು ಮೊದಲು ನೋಡಿದ್ದು ಕೋಣೆಯನ್ನಲ್ಲ, ಅಂಗಳವನ್ನು.

ಮುಧೋಳ ಕಣ್ಣಿನ ಬಲದಿಂದ ಬೇಟೆಯಾಡುವ ತಳಿ. ದೂರದಲ್ಲಿ ಬೆಕ್ಕೋ ಮುಂಗುಸಿಯೋ ಅಲುಗಿದರೆ ಸಾಕು, ಎಷ್ಟು ಕರೆದರೂ ನಿಲ್ಲದೆ ಹೊರಟುಬಿಡುತ್ತದೆ. ಅದಕ್ಕೆ ಮನಸಾರೆ ಓಡಲು ಜಾಗವೂ ಬೇಕು, ಆ ಜಾಗಕ್ಕೆ ಭದ್ರವಾದ ಆವರಣವೂ ಬೇಕು. ಇಲ್ಲಿ ತೆಂಗಿನ ತೋಟದ ಸುತ್ತ ಆಳೆತ್ತರದ ಮುರಕಲ್ಲಿನ ಗೋಡೆ, ಅದರ ಮೇಲೆ ಜಾಲರಿ ಇದೆ. ಬೆಳಿಗ್ಗೆ ಮತ್ತು ಸಂಜೆ ಓಡಲು ಬಿಡುತ್ತಾರೆ. ಎದೆಗೂಡು ಆಳವಾಗಿರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇರುವುದರಿಂದ, ಓಟ ಮುಗಿದು ಒಂದು ಗಂಟೆ ಕಳೆದ ಮೇಲೆಯೇ ಊಟ ಹಾಕುವ ಕ್ರಮವನ್ನು ನಾವು ಹೇಳುವ ಮೊದಲೇ ಅವರು ಪಾಲಿಸುತ್ತಿದ್ದರು.

ನೋಡಿಕೊಳ್ಳುವವರು ಮೊದಲ ದಿನ ಬೊಳ್ಳುವನ್ನು ಮುಟ್ಟಲು ಹೋಗಲಿಲ್ಲ. ಮುಖ ಬೇರೆ ಕಡೆ ತಿರುಗಿಸಿ ನೆಲದ ಮೇಲೆ ಕುಳಿತು, ಅವನೇ ಬಂದು ಅಂಗೈ ಮೂಸುವವರೆಗೆ ಸುಮಾರು ಇಪ್ಪತ್ತು ನಿಮಿಷ ಕಾದರು. ಅಪರಿಚಿತರ ಕೈಯನ್ನು ಸುಲಭವಾಗಿ ಸಹಿಸದ ತಳಿಗೆ ಇಷ್ಟು ತಾಳ್ಮೆ ತೋರಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಿರಿದಾದ ತಲೆಯ ಈ ನಾಯಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಬೆಲ್ಟ್ ಜಾರಿ ಬರುತ್ತದೆ. ನಾವು ಹಾಕಿದ್ದ ಬೆಲ್ಟನ್ನು ತೆಗೆಸಿ, ಎಳೆದಾಗ ಅಳತೆಗೆ ತಕ್ಕಷ್ಟೇ ಬಿಗಿಯುವ ಅಗಲವಾದ ಪಟ್ಟಿಯನ್ನು ಅವರೇ ಹಾಕಿದರು.

ಕೊರತೆ ಇರುವುದು ಮಳೆಗಾಲದ ವ್ಯವಸ್ಥೆಯಲ್ಲಿ. ಬೊಳ್ಳುವನ್ನು ನಾವು ತಂದದ್ದು ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ. ಬಯಲುಸೀಮೆಯ ಒಣಹವೆಗೆ ಒಗ್ಗಿದ, ತೆಳುವಾದ ಕೂದಲಿನ, ಮೈಯಲ್ಲಿ ಕೊಬ್ಬೇ ಇಲ್ಲದ ತಳಿ ಕರಾವಳಿಯ ಮಳೆಯಲ್ಲಿ ಸಿಮೆಂಟ್ ನೆಲದ ಮೇಲೆ ಮಲಗಬಾರದು. ಕೋಣೆಯಲ್ಲಿ ಹಾಸಿದ್ದ ಗೋಣಿಯೂ ತೇವವಾಗಿತ್ತು. ಫೋನ್ ಮಾಡಿ ಕೇಳಿಕೊಂಡ ಮೇಲೆ ಮರದ ಹಲಗೆ ಬಂತು. ಉಣ್ಣಿ ಹುಡುಕುವಾಗ ಕಿವಿಯ ಒಳಭಾಗ ನೋಡಿದ್ದಾರೆ, ಕಾಲ್ಬೆರಳ ಸಂದುಗಳನ್ನು ಬಿಟ್ಟಿದ್ದಾರೆ. ಮನೆಗೆ ಬಂದ ರಾತ್ರಿ ಅಲ್ಲಿಂದ ಎರಡು ಉಣ್ಣಿಗಳನ್ನು ತೆಗೆದೆ. ಉಣ್ಣಿ ಜ್ವರ ಪ್ರಾಣಕ್ಕೇ ಎರವಾಗಬಲ್ಲದು ಎಂಬುದನ್ನು ಅವರಿಗೆ ಮರುದಿನವೇ ತಿಳಿಸಿದ್ದೇನೆ.

ಊಟ ಸೇರಿ ದಿನಕ್ಕೆ 600 ರೂಪಾಯಿ. ರೇಬೀಸ್ ಸೇರಿದಂತೆ ಲಸಿಕೆಗಳ ಕಾರ್ಡ್ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ದಿನಕ್ಕೆ ಬೊಳ್ಳುವಿನ ಹೆಸರು ಬರೆಸಿ ಬಂದಿದ್ದೇನೆ. ಮುಂದಿನ ಮಳೆಗಾಲಕ್ಕಾದರೆ ಹಲಗೆಯನ್ನು ಮನೆಯಿಂದಲೇ ಒಯ್ಯುತ್ತೇನೆ.