ಉಲುವಾಟುವಿಗೆ ಇಳಿಯುವ ಮೊದಲು ಇದನ್ನೊಮ್ಮೆ ಓದಿ

ಸರ್ಫಿಂಗ್‌ಗೆ ಅಂತ ಬಾಲಿಗೆ ಹೊರಟಿದ್ದೀರಾ? ಹೋಗಿ ಬನ್ನಿ. ನಾನು ಇಳಿದ ಕಡೆ, ಅಂದರೆ ಅಲ್ಲಿನ ಉಲುವಾಟು ದಂಡೆಯಲ್ಲಿ ಮಾತ್ರ ಇಳಿಯಬೇಡಿ.

ನಮ್ಮದು ಗಂಗಾವತಿ. ಎಡದಂಡೆ ಕಾಲುವೆಯಲ್ಲಿ ಈಜು ಕಲಿತವನು, ಸಾಣಾಪುರದ ಕೆರೆಗೆ ಬಂಡೆ ಮೇಲಿಂದ ಹಾರಿದವನು (ಅದೂ ತಪ್ಪೇ ಬಿಡಿ). ನೀರು ಅಂದರೆ ಹೆದರಿಕೆ ಇರಲಿಲ್ಲ. ಆ ಧೈರ್ಯವೇ ಕೈಕೊಟ್ಟಿತು.

ಕಳೆದ ಜುಲೈ. ಮೊದಲೆರಡು ದಿನ ಕುಟಾ ಬೀಚ್. ಕೆಳಗೆ ಮರಳು, ಮೆತ್ತನೆಯ ಫೋಮ್ ಬೋರ್ಡು, ಹಿಂದಿನಿಂದ ತಳ್ಳಲು ಗೈಡ್. ಬಿದ್ದರೆ ಮೂಗಿಗೆ ಉಪ್ಪುನೀರು, ಅಷ್ಟೇ. ಎರಡನೇ ದಿನ ನಾಲ್ಕೈದು ಸಲ ಎದ್ದು ನಿಂತೆ. ಅದು ಅಲೆಯಲ್ಲ, ಅಲೆ ಒಡೆದ ಮೇಲೆ ಉಳಿಯುವ ಬಿಳಿ ನೊರೆ ಅಂತ ಆಮೇಲೆ ತಿಳಿಯಿತು. ಗೈಡ್ ಮಾತ್ರ "ನೀವು ರೆಡಿ, ನಾಳೆ ಉಲುವಾಟು" ಅಂದ. ದುಡ್ಡು ಜಾಸ್ತಿ ಕೇಳಿದ, ಕೊಟ್ಟೆ.

ಅಲ್ಲಿ ಮೆಟ್ಟಿಲಿಳಿದು, ಒಂದು ಗುಹೆಯೊಳಗಿಂದ ಸಮುದ್ರಕ್ಕೆ ಹೋಗಬೇಕು. ತಳದಲ್ಲಿ ಹವಳದ ಬಂಡೆ. ಆಳದಿಂದ ಬಂದ ಅಲೆ ಅದರ ಮೇಲೆ ಒಮ್ಮೆಲೇ ಎದ್ದು ನಿಲ್ಲುತ್ತದೆ. ಇಳಿತದ ಹೊತ್ತಿಗೆ, ಅಂದರೆ ಸಮುದ್ರದ ನೀರು ಇಳಿದಾಗ, ಬಂಡೆ ಮೇಲಿನ ನೀರು ಇನ್ನೂ ತೆಳು. "ನಾಲ್ಕು ಅಡಿ ಅಲೆ" ಅಂದಿದ್ದ ಗೈಡ್. ಕೆಲವರು ಅಲೆಯನ್ನು ಬೆನ್ನ ಕಡೆಯಿಂದ ಅಳೆಯುತ್ತಾರೆ, ಹವಾಯಿ ಲೆಕ್ಕ. ಮುಂದೆ ಇರುವವನಿಗೆ ಅದು ಹೆಚ್ಚುಕಡಿಮೆ ಎರಡರಷ್ಟು. ಅಡಿ ಒಂದನ್ನೇ ನೋಡಿದರೂ ಸಾಲದು, ಎರಡು ಅಲೆಗಳ ನಡುವಿನ ಸೆಕೆಂಡು ನೋಡಬೇಕು. 8 ಸೆಕೆಂಡಿನ ನಾಲ್ಕಡಿಗೂ 16 ಸೆಕೆಂಡಿನ ನಾಲ್ಕಡಿಗೂ ಬಹಳ ವ್ಯತ್ಯಾಸ. ಎರಡನೆಯದು ಗುಮ್ಮುತ್ತದೆ.

ಮೊದಲ ಅಲೆಗೇ ಬೋರ್ಡಿನ ಮೂತಿ ನೀರಿಗೆ ಚುಚ್ಚಿಕೊಂಡಿತು. ಅಗಸರ ಕಲ್ಲಿಗೆ ಬಟ್ಟೆ ಬಡಿದ ಹಾಗೆ ಅಲೆ ನನ್ನನ್ನು ಹವಳಕ್ಕೆ ಬಡಿಯಿತು. ಮೊಣಕೈಯಿಂದ ಬೆನ್ನಿನವರೆಗೆ ತುರಿಯೋ ಮಣೆ ಎಳೆದಂತೆ ಉರಿ. ಕಾಲಿಗೆ ಕಟ್ಟಿದ ಬೋರ್ಡಿನ ಹಗ್ಗ ಹವಳಕ್ಕೆ ಸಿಕ್ಕಿ ಕಾಲು ಜಗ್ಗುತ್ತಿತ್ತು. ಬಿಡಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಅಲೆ.

ಆನೆಗೊಂದಿಯಲ್ಲಿ ಹರಿಗೋಲಿನವರು ಆಚೆ ದಡ ಮುಟ್ಟಲು ಹೊಳೆ ಹರಿದು ಬರುವ ಕಡೆಗೆ, ಇನ್ನೂ ಮೇಲಕ್ಕೆ ಗುರಿ ಹಿಡಿದು ಹುಟ್ಟು ಹಾಕುತ್ತಾರಲ್ವಾ? ಚಿಕ್ಕಂದಿನಿಂದ ನೋಡಿದ್ದೇನೆ. ಅಲ್ಲಿ ನೆನಪಾಗಲಿಲ್ಲ. ನೇರ ಗುಹೆಗೇ ಗುರಿ ಇಟ್ಟೆ. ಸೆಳೆತ ಗುಹೆಯ ಬಾಯಿ ದಾಟಿಸಿ ಎಳೆದುಕೊಂಡು ಹೋಯಿತು. ಪುಣ್ಯಾತ್ಮನೊಬ್ಬ ಬೋರ್ಡಿನ ಮೇಲೆ ಬಂದು ದಾರಿ ತೋರಿಸಿದ. ನಮ್ಮ ಗೈಡ್ ಮೇಲ್ಗಡೆ ಕೂತು ಕಾಫಿ ಕುಡಿಯುತ್ತಿದ್ದ.

ಹೊಸಬರಿಗೆ ಕುಟಾ ಸಾಕು. ಕೈ ಸ್ವಲ್ಪ ಪಳಗಿದ ಮೇಲೆ ಚಂಗುವಿನ ಬಾಟು ಬೋಲೊಂಗ್. ಉಲುವಾಟು, ಪಡಂಗ್ ಪಡಂಗ್ ವರ್ಷಗಟ್ಟಲೆ ಆಡಿದವರಿಗೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆ ದಂಡೆಗೆ ದೊಡ್ಡ ಅಲೆಗಳ ಕಾಲ ಬೇರೆ. ಶ್ರೀಲಂಕಾ ಆದರೆ ನವೆಂಬರ್ ನಂತರ ವೆಲಿಗಾಮ, ಅಲ್ಲೂ ಮರಳೇ. ಕೆಳಗೆ ಏನಿದೆ, ಇಳಿತ ಎಷ್ಟೊತ್ತಿಗೆ, ವಾಪಸ್ ಬರೋದು ಎಲ್ಲಿಂದ? ಗೈಡ್ ಇದಕ್ಕೆ ತಡವರಿಸಿದರೆ ದುಡ್ಡು ಜೇಬಲ್ಲೇ ಇರಲಿ.

ಗಾಯವನ್ನು ಅವತ್ತೇ ಸೋಪು, ಸಿಹಿನೀರು ಹಾಕಿ ಚೆನ್ನಾಗಿ ಉಜ್ಜಿ ತೊಳೆಯಬೇಕಿತ್ತು. ಸುಮ್ನೆ ಪೌಡರ್ ಉದುರಿಸಿದೆ. ಊರಿಗೆ ಬರುವಷ್ಟರಲ್ಲಿ ಕೀವು. ಡಾಕ್ಟರು ಚಿಮಟದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚೂರು ತೆಗೆದು, "ಎಲ್ಲಿ ಕಲ್ಲಪ್ಪಾ ಇದು?" ಅಂದರು.

ನಾಚಿಕೆಯಾಗಿ ಸಾಣಾಪುರದ್ದು ಅಂದೆ.