ಸಿನಾಯ್ ಬೆಟ್ಟದ ಚಾರಣ: ಬೆದೂಯಿನ್ ಮಾರ್ಗದರ್ಶಕರ ಸೇವೆ ಹೇಗಿದೆ?

ಮೋಸೆಸ್‌ಗೆ ದಶಾಜ್ಞೆಗಳು ದೊರೆತವೆಂದು ನಂಬಲಾಗುವ ಈಜಿಪ್ಟಿನ ಸಿನಾಯ್ ಬೆಟ್ಟದ ಎತ್ತರ 2,285 ಮೀಟರ್. ಇದನ್ನು ಹತ್ತುವವರು ಸ್ಥಳೀಯ ಬೆದೂಯಿನ್ (ಮರುಭೂಮಿಯ ಅರಬ್ ಬುಡಕಟ್ಟಿನ) ಮಾರ್ಗದರ್ಶಕರೊಬ್ಬರನ್ನು ಕರೆದೊಯ್ಯಲೇಬೇಕು. ಸಾವನದುರ್ಗವನ್ನು ಹಲವು ಬಾರಿ ಏರಿದ್ದ ನನಗೂ ನನ್ನ ಗೆಳತಿಗೂ ಈ ನಿಯಮ ಅನಗತ್ಯವೆನಿಸಿತ್ತು; ಈಗ ಹಾಗೆನಿಸುವುದಿಲ್ಲ.

ರಾತ್ರಿ ಒಂದು ಗಂಟೆಗೆ ಸಂತ ಕ್ಯಾಥರೀನ್ ಮಠದ ಬಳಿಯಿಂದ ಹೊರಟೆವು. ನಮ್ಮ ಜೊತೆಗಿದ್ದ ಮಾರ್ಗದರ್ಶಕರು, ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಈ ಮಠದ ಕಾವಲಿಗೆ ಕಳುಹಿಸಿದವರ ವಂಶಸ್ಥರೆಂದು ಹೇಳಿಕೊಳ್ಳುವ ಜಬಾಲಿಯಾ ಬುಡಕಟ್ಟಿನ ಹಿರಿಯರು. ಕತ್ತಲಲ್ಲಿ ಒಂಟೆಗಳು ಎದುರಾದಾಗಲೆಲ್ಲ ನಮ್ಮನ್ನು ಕಣಿವೆಯ ಅಂಚಿನಿಂದ ಸರಿಸಿ ಬಂಡೆಯ ಬದಿಗೆ ನಿಲ್ಲಿಸುತ್ತಿದ್ದರು. ನಾವು ವೇಗ ಹೆಚ್ಚಿಸಿದರೆ ಅವರು ಮಾತಿಲ್ಲದೆ ನಿಧಾನವಾಗುತ್ತಿದ್ದರು. ಕಾರಣ ತಿಳಿದದ್ದು ಒಂಟೆದಾರಿ ಮುಗಿದು ಕೊನೆಯ 750 ಮೆಟ್ಟಿಲುಗಳು ಆರಂಭವಾಗುವ ಹೊತ್ತಿಗೆ: ಮರುಭೂಮಿಯ ಒಣಗಾಳಿಯಲ್ಲಿ ಬಂಡೆಗಳು ಹಗಲಿನ ಕಾವನ್ನು ಬೇಗನೆ ಕಳೆದುಕೊಳ್ಳುವುದರಿಂದ, ಬೆವರಿನಲ್ಲಿ ನೆನೆದ ಬಟ್ಟೆಯೊಡನೆ ತುದಿಯಲ್ಲಿ ಸೂರ್ಯೋದಯಕ್ಕೆ ಕಾಯುವವರು ನಡುಗಿಹೋಗುತ್ತಾರೆ.

ಏದುಸಿರು ಬಿಡುತ್ತಿದ್ದ ಗೆಳತಿಯನ್ನು ಅವರು ಚಹಾ ಗುಡಿಸಲೊಂದರಲ್ಲಿ ಕೂರಿಸಿ, ಸಣ್ಣ ಗಾಜಿನ ಲೋಟದಲ್ಲಿ ಸಕ್ಕರೆ ಹೆಚ್ಚಾದ ಕಪ್ಪು ಚಹಾ ತರಿಸಿಕೊಟ್ಟರು. ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕುಳಿತ ಅವಳ ಉಸಿರು ಹದಕ್ಕೆ ಬರುವವರೆಗೂ ಅವರು ಏಳುವ ಮಾತೆತ್ತಲಿಲ್ಲ. ಅಷ್ಟಾದರೂ ಬೆಳಕು ಹರಿಯುವ ಮೊದಲೇ ನಾವು 1934ರಲ್ಲಿ ಪುನರ್ನಿರ್ಮಿಸಿದ ತುದಿಯ ಪ್ರಾರ್ಥನಾಲಯದ ಗೋಡೆಗೆ ಒರಗಿ ನಿಂತಿದ್ದೆವು.

ಕೊರತೆಯೆಂದರೆ, ನಮಗೆ ಈ ಪ್ರವಾಸವನ್ನು ಗೊತ್ತುಮಾಡಿಕೊಟ್ಟ ಏಜೆನ್ಸಿಯವರು ಚಳಿಯ ವಿಷಯವನ್ನೇ ತಿಳಿಸಿರಲಿಲ್ಲ. ಗುಡಿಸಲಿನಲ್ಲಿ ಬಾಡಿಗೆಗೆ ಸಿಕ್ಕ, ಹೊಗೆಯ ವಾಸನೆಯ ಕಂಬಳಿ ನಮ್ಮನ್ನು ಕಾಪಾಡಿತು. ಮಾರ್ಗದರ್ಶಕರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲವಾದ್ದರಿಂದ ಇತಿಹಾಸವನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು.

ಇಳಿಯುವಾಗ ಒಟ್ಟು 3,750 ಮೆಟ್ಟಿಲುಗಳ ದಾರಿಯನ್ನು ಹಿಡಿಯಬೇಕೆಂಬುದು ನನ್ನ ಆಸೆಯಾಗಿತ್ತು. ಅವರು ಮೊದಲು ಗೆಳತಿಯ ಮೊಣಕಾಲನ್ನು ತೋರಿಸಿ ನೋವಿದೆಯೇ ಎಂದು ಸನ್ನೆಯಲ್ಲಿ ಕೇಳಿ, ಅವಳು ಇಲ್ಲವೆಂದ ಮೇಲೆಯೇ ಆ ಕಡೆ ಹೆಜ್ಜೆ ಹಾಕಿದರು. ಏರುಪೇರಾದ ಆ ಕಲ್ಲುಗಳ ಮೇಲೆ ಪ್ರತಿ ಹೆಜ್ಜೆಯೂ ಮೊಣಕಾಲಿನ ಮೇಲೆಯೇ ಬೀಳುವುದರಿಂದ, ನೋವಿರುವವರು ಒಂಟೆದಾರಿಯಲ್ಲೇ ಮರಳುವುದು ಲೇಸು.