ಫ್ರಿಜ್ ಫ್ಯಾನ್ ಮೋಟರ್: ಎಣ್ಣೆ, ಗುಜರಿ, ಹೊರಗಿನ ಮಾಲು, ಕಂಪನಿ ಮಾಲು - ಯಾವುದು ಬಾಳಿಕೆ ಬರುತ್ತದೆ?

ಫ್ರಿಜ್ಜಿನ ಫ್ಯಾನ್ ಮೋಟರ್ ಹೋಯಿತು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಕಂಪನಿಯದ್ದೇ ಹಾಕಬೇಕಾ, ಇಲ್ಲ ಹೊರಗಡೆ ಸಿಗುವುದು ನಡೆಯುತ್ತಾ? ನಾನು ಎರಡನ್ನೂ ಹಾಕಿ ನೋಡಿದ್ದೇನೆ. ಗುಜರಿಗೆ ಹೋದ ಫ್ರಿಜ್ಜಿನಿಂದ ಬಿಚ್ಚಿದ್ದನ್ನೂ ಹಾಕಿದ್ದೇನೆ, ಹಳೆಯದಕ್ಕೇ ಎಣ್ಣೆ ಬಿಟ್ಟು ಓಡಿಸಿಯೂ ನೋಡಿದ್ದೇನೆ. ಇಷ್ಟೆಲ್ಲ ಆದ ಮೇಲೆ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಮೋಟರಿನಿಂದ ಎಷ್ಟು ವೈರ್ ಬಂದಿದೆ ಅಂತ. (ಅರ್ತ್ ವೈರ್ ಲೆಕ್ಕಕ್ಕಿಲ್ಲ) ಎರಡು ವೈರಿನ, ಮನೆಯ ಕರೆಂಟಿನಲ್ಲೇ ನೇರ ಓಡುವ ಹಳೇ ಎಸಿ ಮೋಟರಿಗೆ ಒಂದು ಉತ್ತರ. ಮೂರು ನಾಲ್ಕು ವೈರಿನ, ಕಡಿಮೆ ವೋಲ್ಟಿನಲ್ಲಿ ಓಡುವ ಡಿಸಿ ಮೋಟರಿಗೆ ಬೇರೆಯೇ ಉತ್ತರ.

ಇಲ್ಲಿ ಹೇಳುತ್ತಿರುವುದು ಫ್ರೀಜರ್ ಒಳಗೆ, ಹಿಂದಿನ ಪ್ಲಾಸ್ಟಿಕ್ ಹಲಗೆಯ ಮರೆಯಲ್ಲಿ ಕೂತಿರುವ ಫ್ಯಾನಿನ ಬಗ್ಗೆ. ಸಾಮಾನ್ಯ ಫ್ರಾಸ್ಟ್ ಫ್ರೀ (ಐಸ್ ತಾನೇ ಕರಗಿಸಿಕೊಳ್ಳುವ) ಫ್ರಿಜ್ಜಿನಲ್ಲಿ ತಂಪು ಹುಟ್ಟುವುದು ಅಲ್ಲಿರುವ ಒಂದು ಕಾಯಿಲ್‌ನಲ್ಲಿ ಮಾತ್ರ. ಅದನ್ನು ಕೆಳಗಿನ ಖಾನೆಗೆ ತಳ್ಳುವುದು ಈ ಪುಟ್ಟ ಫ್ಯಾನ್. ಅದು ನಿಂತರೆ ಮೇಲೆ ಐಸ್ ಗಟ್ಟಿಯಾಗಿಯೇ ಇರುತ್ತದೆ, ಕೆಳಗೆ ಹಾಲು ಕೆಡುತ್ತದೆ. ಕಂಪ್ರೆಸರ್ ಪಾಪ ಬಿಡುವಿಲ್ಲದೆ ಓಡುತ್ತಲೇ ಇರುತ್ತದೆ. ಒಂದೇ ಬಾಗಿಲಿನ ಡೈರೆಕ್ಟ್ ಕೂಲ್ ಫ್ರಿಜ್ಜುಗಳಲ್ಲಿ ಈ ಫ್ಯಾನ್ ಇರುವುದಿಲ್ಲ, ಹಾಗಾಗಿ ಅದನ್ನು ಬಿಡಿ.

ಕೆಟ್ಟಿರುವುದು ಮೋಟರೇ ಅಂತ ಖಚಿತ ಮಾಡಿಕೊಳ್ಳುವುದು ಕಷ್ಟವಲ್ಲ. ಕೀಚ್ ಕೀಚ್ ಶಬ್ದ ಬರುತ್ತಿದ್ದು, ಫ್ರೀಜರ್ ಬಾಗಿಲು ತೆಗೆದ ತಕ್ಷಣ ನಿಂತರೆ, ಅದು ಫ್ಯಾನಿನದ್ದೇ. ಬಾಗಿಲು ತೆಗೆದಾಗ ಹೆಚ್ಚಿನ ಫ್ರಿಜ್ಜುಗಳಲ್ಲಿ ಫ್ಯಾನ್ ತಾನಾಗಿ ನಿಲ್ಲುತ್ತದೆ. ಟಕ ಟಕ ಅಂತ ಸದ್ದು ಬಂದರೆ ಮಾತ್ರ ಸ್ವಲ್ಪ ತಾಳಿ. ಐಸ್ ಬೆಳೆದು ರೆಕ್ಕೆಗೆ ತಾಗುತ್ತಿರಬಹುದು. ಆಗ ತಪ್ಪು ಸಾಮಾನ್ಯವಾಗಿ ಡಿಫ್ರಾಸ್ಟ್ (ಕಾಯಿಲ್ ಮೇಲಿನ ಐಸ್ ಕರಗಿಸುವ) ಹೀಟರಿನದ್ದೋ ಟೈಮರಿನದ್ದೋ ಇರುತ್ತದೆ, ಮೋಟರ್ ಬದಲಾಯಿಸಿ ಪ್ರಯೋಜನವಿಲ್ಲ. ಡಿಫ್ರಾಸ್ಟ್ ನಡೆಯುವಾಗಲೂ ಫ್ಯಾನ್ ನಿಂತಿರುತ್ತದೆ. ಸುಮ್ನೆ ಗಾಬರಿಯಾಗಬೇಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಕಿವಿಗೊಟ್ಟು ನೋಡಿ.

ಹಲಗೆ ಬಿಚ್ಚುವ ಮುಂಚೆ ಪ್ಲಗ್ ಕೀಳಲೇಬೇಕು. ಐಸ್ ತಾನಾಗಿ ಕರಗಲಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾಯಿಲ್‌ನ ಅಲ್ಯೂಮಿನಿಯಂ ಕೊಳವೆ ತೂತಾದರೆ ಗ್ಯಾಸ್ ಹೋಗುತ್ತದೆ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿ ಇರುವುದು ಆರ್600ಎ, ಅಂದರೆ ಐಸೊಬ್ಯುಟೇನ್. ಅದು ಬೆಂಕಿ ಹಿಡಿಯುವ ಗ್ಯಾಸ್. ಹಾಗಾಗಿ ಕಾಯಿಲ್ ಹತ್ತಿರ ಬೆಂಕಿ, ಕಿಡಿ ಏನೂ ಬೇಡ.

ಈಗ ಎಣ್ಣೆಯ ವಿಷಯ. ಎಸಿ ಮೋಟರಿನ ಶಾಫ್ಟ್, ಅಂದರೆ ರೆಕ್ಕೆ ಕೂರುವ ಕಂಬಿ, ಸಾಮಾನ್ಯವಾಗಿ ಕಂಚಿನ ಬುಶ್ (ಅದನ್ನು ಹಿಡಿದಿಡುವ ಉಂಗುರ) ಒಳಗೆ ತಿರುಗುತ್ತದೆ. ಆ ಬುಶ್ ಸಣ್ಣ ಸಣ್ಣ ರಂಧ್ರಗಳಿರುವ ಲೋಹ. ತಯಾರಿಸುವಾಗಲೇ ಅದಕ್ಕೆ ಎಣ್ಣೆ ಕುಡಿಸಿರುತ್ತಾರೆ. ವರ್ಷಗಟ್ಟಲೆ ತಿರುಗಿ ಆ ಎಣ್ಣೆ ಒಣಗಿದಾಗ ಶಬ್ದ ಶುರುವಾಗುತ್ತದೆ. ಬಿಚ್ಚಿ ನೋಡಿದರೆ ಶಾಫ್ಟ್ ಬುಡದಲ್ಲಿ ಕಂದು ಬಣ್ಣದ ಜಿಗುಟು ಕಾಣುತ್ತದೆ. ಅದನ್ನು ಒರೆಸಿ, ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಎರಡೂ ಬುಶ್‌ಗೆ ಒಂದೊಂದು ಹನಿ ಬಿಟ್ಟು, ಕೈಯಲ್ಲಿ ತಿರುಗಿಸುತ್ತಾ ಹೀರಲು ಬಿಟ್ಟೆ. ಫ್ಯಾನ್ ಹೊಸದರಂತೆ ಸದ್ದಿಲ್ಲದೆ ಓಡಿತು. ಆದರೆ ಚಳಿಗಾಲ ಮುಗಿಯುವ ಮೊದಲೇ ಅದೇ ಕೀಚ್ ಕೀಚ್ ಮತ್ತೆ ಬಂತು. ಬುಶ್ ಒಮ್ಮೆ ಸವೆದು ಅಗಲವಾದ ಮೇಲೆ ಎಣ್ಣೆ ಅಲ್ಲಿ ನಿಲ್ಲುವುದೇ ಇಲ್ಲ. ರೆಕ್ಕೆಯ ನಡುವೆ ಹಿಡಿದು ಆಚೆ ಈಚೆ ಅಲುಗಾಡಿಸಿ ನೋಡಿ. ಶಾಫ್ಟ್ ಅಡ್ಡಡ್ಡ ಆಡಿದರೆ ಎಣ್ಣೆಗೆ ಸಮಯ ಹಾಳು ಮಾಡಬೇಡಿ. ಆಡದೆ ಬರೀ ಬಿಗಿಯಾಗಿದ್ದರೆ ಒಂದು ಅವಕಾಶ ಕೊಡಬಹುದು. ಅಡುಗೆ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಎರಡೂ ಬೇಡ. ಒಂದು ಆ ಚಳಿಯಲ್ಲಿ ಗಟ್ಟಿಯಾಗುತ್ತದೆ, ಇನ್ನೊಂದು ಇರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಹೊಸ ಮೋಟರ್ ಬರುವ ತನಕ ಫ್ರಿಜ್ ಓಡಿಸಲು ಎಣ್ಣೆ ಒಳ್ಳೆಯ ದಾರಿ. ಅದಕ್ಕಿಂತ ಜಾಸ್ತಿ ನಂಬಿಕೆ ಇಡಲಾರೆ.

ಗುಜರಿ ಮೋಟರಿನ ಆಸೆಯನ್ನೂ ನಾನು ಬಿಟ್ಟಿದ್ದೇನೆ. ಅದೇ ಮಾಡೆಲ್‌ನ ಫ್ರಿಜ್ಜಿನಿಂದ ಬಿಚ್ಚಿದ್ದು ಸಿಕ್ಕಿತ್ತು, ಕೂರಿಸಲು ಏನೂ ತಾಪತ್ರಯವಾಗಲಿಲ್ಲ. ಆದರೆ ಅದರ ಬುಶ್ ಕೂಡ ಅಷ್ಟೇ ವರ್ಷ ತಿರುಗಿರುತ್ತದೆ, ಅಲ್ವಾ? ಹಳೆಯದನ್ನು ತೆಗೆದು ಇನ್ನೊಂದು ಹಳೆಯದನ್ನು ಹಾಕಲು ಅಷ್ಟೆಲ್ಲ ಐಸ್ ಕರಗಿಸಿ, ಹಲಗೆ ಬಿಚ್ಚಿ ಒದ್ದಾಡುವುದು ನನಗಂತೂ ಸರಿ ಕಾಣಲಿಲ್ಲ. ಒಂದೇ ಒಂದು ಸಂದರ್ಭದಲ್ಲಿ ಗುಜರಿಗೆ ಹೋಗುತ್ತೇನೆ: ರೆಕ್ಕೆ, ಬ್ರಾಕೆಟ್, ಮೋಟರ್ ಕೂರುವ ರಬ್ಬರ್ ಬೇಕಾದಾಗ. ಅವು ಸವೆಯುವ ವಸ್ತುಗಳಲ್ಲ, ರಬ್ಬರ್ ಮೆತ್ತಗಿದೆಯಾ ಅಂತ ಚಿವುಟಿ ನೋಡಿದರೆ ಸಾಕು.

ಇನ್ನು ನಿಜವಾದ ಪೈಪೋಟಿ. ಎಸಿ ಮೋಟರಿನಲ್ಲಿ ಕಂಪನಿ ಮಾಲು ಮತ್ತು ಹೊರಗಿನ ಮಾಲು.

ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ ಒಳಗಿನ ತಂತ್ರ ಒಂದೇ. ಶೇಡೆಡ್ ಪೋಲ್ ಅನ್ನುವ ತೀರಾ ಸರಳ ಮೋಟರ್. ತಂತಿ ಸುತ್ತಿದ ಒಂದು ಕಾಯಿಲ್, ಕಬ್ಬಿಣದ ಪಟ್ಟಿಗಳ ಚೌಕಟ್ಟು, ಧ್ರುವದ ಒಂದು ಮೂಲೆಗೆ ಸುತ್ತಿದ ತಾಮ್ರದ ಬಳೆ. ಆ ಬಳೆ ಇರುವ ಕಡೆಗೇ ರೋಟರ್ (ಒಳಗೆ ತಿರುಗುವ ಭಾಗ) ತಿರುಗುತ್ತದೆ. ಹಾಗಾಗಿ ವೈರ್ ಅದಲುಬದಲು ಮಾಡಿದರೆ ದಿಕ್ಕು ಬದಲಾಗುವುದಿಲ್ಲ. ಹೊರಗಿನ ಮಾಲು ತರುವಾಗ ಜನ ವೋಲ್ಟ್ ಮಾತ್ರ ನೋಡಿ ತಂದುಬಿಡುತ್ತಾರೆ. ದಿಕ್ಕು ಉಲ್ಟಾ ಇದ್ದರೆ ಫ್ಯಾನ್ ಚೆನ್ನಾಗಿಯೇ ತಿರುಗುತ್ತದೆ, ಸದ್ದೂ ಇರುವುದಿಲ್ಲ, ಆದರೆ ಗಾಳಿ ಹೋಗಬೇಕಾದ ಕಡೆ ಹೋಗುವುದಿಲ್ಲ. ಕೆಳಗಿನ ಖಾನೆ ತಂಪಾಗದೆ, ಗ್ಯಾಸ್ ಖಾಲಿ ಅಂತ ತಪ್ಪು ತಿಳಿಯುವುದು ಹೀಗೆಯೇ. ಶಾಫ್ಟ್ ತುದಿಯನ್ನು ನಿಮ್ಮ ಕಡೆ ಹಿಡಿದು, ಗಡಿಯಾರದ ದಿಕ್ಕಾ, ವಿರುದ್ಧವಾ ಅಂತ ಬರೆದುಕೊಳ್ಳಿ. ಹೆಚ್ಚಿನ ಮೋಟರಿನ ಮೈಮೇಲೆ ಬಾಣದ ಗುರುತೋ ಅಕ್ಷರವೋ ಇರುತ್ತದೆ.

ಆಮೇಲೆ ಹರ್ಟ್ಸ್, ಅಂದರೆ ಕರೆಂಟಿನ ಆವರ್ತನ. 50 ಹರ್ಟ್ಸ್ ಕರೆಂಟಿಗೆ 60 ಹರ್ಟ್ಸ್‌ಗೆ ಮಾತ್ರ ಮಾಡಿದ ಮೋಟರ್ ಹಾಕಿದರೆ, ವೋಲ್ಟ್ ಸರಿಯಿದ್ದರೂ ನಿಧಾನ ಓಡುತ್ತದೆ, ಬಿಸಿ ಜಾಸ್ತಿ. ಫ್ರೀಜರ್ ಒಳಗೆ ಬಿಸಿ ಅಂದರೆ ಎರಡು ರೀತಿಯ ನಷ್ಟ. ಮೋಟರ್ ತಿಂದ ಕರೆಂಟ್ ಒಂದು, ಅದು ಬಿಟ್ಟ ಬಿಸಿಯನ್ನು ಹೊರಗೆ ಹಾಕಲು ಕಂಪ್ರೆಸರ್ ತಿನ್ನುವ ಕರೆಂಟ್ ಇನ್ನೊಂದು. ಲೇಬಲ್‌ನಲ್ಲಿ ವ್ಯಾಟ್ ಕೂಡ ಓದಿ. ಹಳೆಯದಕ್ಕಿಂತ ಜಾಸ್ತಿ ವ್ಯಾಟ್ ಇದ್ದರೆ ಜಾಸ್ತಿ ಗಾಳಿ ಅಂತ ಖುಷಿಪಡುವಂತಿಲ್ಲ.

ಆದರೆ ನನಗೆ ಎರಡರ ನಡುವೆ ನಿಜವಾದ ವ್ಯತ್ಯಾಸ ಕಂಡಿದ್ದು ಶಾಫ್ಟ್ ತುದಿಯಲ್ಲಿ. ಕಂಪನಿ ಮೋಟರಿನ ಶಾಫ್ಟಿಗೆ ಒಂದು ಬದಿ ಚಪ್ಪಟೆ ಕೆತ್ತನೆಯಿತ್ತು. ರೆಕ್ಕೆಯ ತೂತು ಅದಕ್ಕೆ ಸರಿಯಾಗಿ ಟಕ್ ಅಂತ ಕೂತಿತು, ಎಷ್ಟು ಆಳಕ್ಕೆ ಹೋಗಬೇಕೋ ಅಷ್ಟಕ್ಕೇ ನಿಂತಿತು. ಹೊರಗಿನ ಮೋಟರಿನ ಶಾಫ್ಟ್ ಪೂರ್ತಿ ದುಂಡಗೆ, ಉದ್ದ ಕೆಲವೇ ಮಿಲಿಮೀಟರ್ ಜಾಸ್ತಿ. ರೆಕ್ಕೆ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ರೆಕ್ಕೆ ಗಾಳಿ ಹೋಗುವ ದುಂಡು ಬಾಯಿಯ ಒಳಗೆ ಎಷ್ಟು ಆಳದಲ್ಲಿದೆ ಅನ್ನುವುದರ ಮೇಲೆ ಗಾಳಿ ನಿಂತಿದೆ. ತೀರಾ ಮುಂದೆ ಬಂದರೆ ಹಲಗೆಗೆ ಉಜ್ಜುತ್ತದೆ. ತೀರಾ ಹಿಂದೆ ಹೋದರೆ ಗಾಳಿ ಮುಂದೆ ಹೋಗದೆ ಅಲ್ಲೇ ಸುತ್ತುತ್ತದೆ. ಹಳೇ ರೆಕ್ಕೆ ಕೀಳುವ ಮೊದಲು ಅದು ಮೋಟರಿನ ಮೈಯಿಂದ ಎಷ್ಟು ದೂರದಲ್ಲಿದೆ ಅಂತ ಸ್ಕೇಲ್ ಇಟ್ಟು ಅಳೆದು, ಅದೇ ಅಳತೆಗೆ ಹೊಸದರಲ್ಲಿ ಕೂರಿಸಿದೆ. ಕೆಳಗಿನ ಖಾನೆಯಲ್ಲಿ ಒಂದು ಲೋಟ ನೀರಿನೊಳಗೆ ಥರ್ಮಾಮೀಟರ್ ಇಟ್ಟೆ. ಬೆಳಗಾಗುವಷ್ಟರಲ್ಲಿ 4 ಡಿಗ್ರಿ ತೋರಿಸಿತು. ಕಂಪನಿ ಮೋಟರ್ ಹಾಕಿದಾಗಲೂ ಅಷ್ಟೇ ಇತ್ತು. ತಂಪಿನಲ್ಲಿ ಎರಡಕ್ಕೂ ಫರಕಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಶಬ್ದದಲ್ಲಿ ಮಾತ್ರ ಫರಕಿದೆ. ಹೊರಗಿನದು ರಾತ್ರಿ ಮನೆಯೆಲ್ಲ ಸುಮ್ಮನಾದಾಗ ಒಂದು ಸಣ್ಣ ಗುಂಯ್ ಅನ್ನುತ್ತಿತ್ತು. ಕಾರಣ ಹುಡುಕಿದರೆ ಮೋಟರಲ್ಲ, ಅದರ ಜೊತೆ ಬಂದ ಗಟ್ಟಿ ರಬ್ಬರ್. ಹಳೇ ಮೋಟರಿನ ಮೆತ್ತನೆ ರಬ್ಬರ್ ತೊಳೆದು ಒರೆಸಿ ಇದಕ್ಕೆ ಹಾಕಿದ ಮೇಲೆ ಸದ್ದು ಬಹುಪಾಲು ಹೋಯಿತು. ಹಳೇ ರಬ್ಬರ್ ಎಸೆಯಬೇಡಿ ಅಂತ ನಾನು ಹೇಳುವುದು ಇದಕ್ಕೇ.

ವೈರ್ ಜೋಡಣೆಯಲ್ಲೂ ಕಂಪನಿ ಮಾಲು ಮುಂದಿದೆ. ಕನೆಕ್ಟರ್ ಸರಿಯಾಗಿ ಬಂದಿರುತ್ತದೆ, ಚುಚ್ಚಿದರೆ ಮುಗಿಯಿತು. ಹೊರಗಿನದಕ್ಕೆ ಹಳೇ ಮೋಟರಿನ ಕನೆಕ್ಟರನ್ನು ವೈರ್ ಸಮೇತ ಕತ್ತರಿಸಿ ಸೇರಿಸಬೇಕಾಗುತ್ತದೆ. ಅಲ್ಲಿ ಬರೀ ಟೇಪ್ ಸುತ್ತಿದರೆ ಆಗದು. ಡಿಫ್ರಾಸ್ಟ್ ಆದಾಗಲೆಲ್ಲ ಆ ಜಾಗ ಒದ್ದೆಯಾಗುತ್ತದೆ, ಟೇಪಿನ ಅಂಟು ಬಿಡುತ್ತದೆ. ಒಳಮೈಗೆ ಅಂಟು ಸವರಿರುವ ಹೀಟ್ ಶ್ರಿಂಕ್ ತೋಳು (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿ, ಆ ಬಿಸಿ ಮಾಡುವ ಕೆಲಸವನ್ನು ಫ್ರಿಜ್ಜಿನಿಂದ ದೂರದಲ್ಲಿ ಮಾಡಿಕೊಂಡು ಬನ್ನಿ. ಅರ್ತ್ ವೈರ್ ಇದ್ದರೆ ಅದನ್ನು ಮರೆಯದೆ ಕಟ್ಟಿ.

ಒಟ್ಟಿನಲ್ಲಿ ಎರಡು ವೈರಿನ ಮೋಟರ್ ಆಗಿದ್ದರೆ, ದಿಕ್ಕು, ಹರ್ಟ್ಸ್, ಶಾಫ್ಟ್ ಇವು ಹೊಂದಿದ ಹೊರಗಿನ ಮಾಲನ್ನು ನಾನು ಕಣ್ಣುಮುಚ್ಚಿ ಹಾಕುತ್ತೇನೆ. ಕೂರಿಸಲು ತಾಳ್ಮೆ ಇಲ್ಲದವರು ಕಂಪನಿಯದ್ದೇ ತರಲಿ, ಅದರಲ್ಲಿ ಉಳಿಯುವುದು ಸಮಯ.

12 ವೋಲ್ಟಿನ ಡಿಸಿ ಮೋಟರಿಗೆ ಬಂದರೆ ನನ್ನ ಮಾತು ಪೂರ್ತಿ ಬದಲಾಗುತ್ತದೆ. ಇನ್ವರ್ಟರ್ ಫ್ರಿಜ್ಜುಗಳಲ್ಲಿ (ಕಂಪ್ರೆಸರ್ ವೇಗವನ್ನು ಹೆಚ್ಚು ಕಡಿಮೆ ಮಾಡುವಂಥವು) ಸಾಮಾನ್ಯವಾಗಿ ಇರುವುದು ಇದು. ಬ್ರಶ್ ಇಲ್ಲದ ಮೋಟರ್, ಒಳಗೇ ಒಂದು ಪುಟ್ಟ ಸರ್ಕ್ಯೂಟ್. ಕರೆಂಟ್ ತಿನ್ನುವುದು ಶೇಡೆಡ್ ಪೋಲ್‌ಗಿಂತ ತುಂಬಾ ಕಡಿಮೆ, ಬಿಸಿಯೂ ಕಡಿಮೆ. ಎರಡು ವೈರ್ ಕರೆಂಟಿಗೆ. ಒಂದು ವೈರ್ ತಾನು ಎಷ್ಟು ವೇಗದಲ್ಲಿ ತಿರುಗುತ್ತಿದ್ದೇನೆ ಅಂತ ಫ್ರಿಜ್ಜಿನ ಕಂಟ್ರೋಲ್ ಬೋರ್ಡಿಗೆ ವರದಿ ಕೊಡುತ್ತದೆ. ನಾಲ್ಕನೆಯದು ಇದ್ದರೆ, ಬೋರ್ಡ್ ವೇಗ ಹೇಳುವುದು ಅದರಲ್ಲಿ.

ನಮ್ಮ ಅಕ್ಕನ ಮನೆಯ ಫ್ರಿಜ್ಜಿಗೆ ಮೊದಲು ಹಾಕಿದ್ದು ಹೊರಗಿನ ಮಾಲು. ಕನೆಕ್ಟರ್ ಸರಿಯಾಗಿ ಕೂತಿತು, ವೋಲ್ಟ್ ಸರಿ, ಬ್ರಾಕೆಟ್ ಸರಿ. ಫ್ಯಾನ್ ತಿರುಗಿತು, ನಿಂತಿತು, ಮತ್ತೆ ತಿರುಗಿತು, ಮತ್ತೆ ನಿಂತಿತು. ಆಮೇಲೆ ಮುಂದಿನ ದೀಪ ಮಿನುಗತೊಡಗಿತು. ಮೋಟರ್ ಕೆಟ್ಟಿರಲಿಲ್ಲ. ಅದು ಕಳಿಸುತ್ತಿದ್ದ ವರದಿ ಬೋರ್ಡಿಗೆ ಒಪ್ಪಿಗೆಯಾಗಲಿಲ್ಲ. ಫ್ಯಾನ್ ಒಂದು ಸಲ ಸುತ್ತಿದರೆ ಎಷ್ಟು ಮಿಡಿತ (ಸಿಗ್ನಲ್) ಬರಬೇಕು ಅಂತ ಬೋರ್ಡ್ ಎಣಿಸುತ್ತಿರುತ್ತದೆ. ಎಣಿಕೆ ತಪ್ಪಿದರೆ ಫ್ಯಾನ್ ಸಿಕ್ಕಿಹಾಕಿಕೊಂಡಿದೆ ಅಂತ ತಿಳಿದು ಕರೆಂಟ್ ನಿಲ್ಲಿಸಿಬಿಡುತ್ತದೆ. ಹಳೇ ಮೋಟರಿನ ಮೇಲಿದ್ದ ಪಾರ್ಟ್ ನಂಬರ್ ಅಕ್ಷರ ಅಕ್ಷರ ಹೊಂದಿಸಿ ಕಂಪನಿ ಮಾಲು ತಂದು ಹಾಕಿದೆವು, ತಕರಾರಿಲ್ಲದೆ ಓಡಿತು, ಈಗಲೂ ಓಡುತ್ತಿದೆ.

ಕಂಪ್ಯೂಟರ್ ಫ್ಯಾನ್ ಕೂಡ 12 ವೋಲ್ಟ್ ತಾನೇ ಅಂತ ಅದನ್ನೇ ಸೇರಿಸಲು ಹೊರಡುವವರಿದ್ದಾರೆ. ದಯವಿಟ್ಟು ಬೇಡ. ಅದು ತೇವಕ್ಕೂ ಆ ಚಳಿಗೂ ಮಾಡಿದ್ದಲ್ಲ, ಇಕ್ಕಟ್ಟಾದ ಕಾಯಿಲ್ ಮೂಲಕ ಗಾಳಿ ಎಳೆಯುವ ಶಕ್ತಿಯೂ ಸಾಮಾನ್ಯವಾಗಿ ಸಾಲದು.

ಡಿಸಿ ಮೋಟರ್ ಕೊಳ್ಳುವ ಮೊದಲು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಎಸಿ ಮೋಟರ್ ಆದರೆ ಪ್ಲಗ್ ಕಿತ್ತು, ಮಲ್ಟಿಮೀಟರ್‌ನಲ್ಲಿ ಮೋಟರಿನ ಕಾಯಿಲ್ ಓಮ್ಸ್ (ವಿದ್ಯುತ್ ತಡೆ) ನೋಡಿದರೆ ಸಾಕು. ಮೀಟರ್ ಓಮ್ಸ್ ಅಳತೆಯನ್ನೇ ಕೊಡದಿದ್ದರೆ (ಸೊನ್ನೆ ಅಲ್ಲ) ಕಾಯಿಲ್ ಕಡಿದಿದೆ. ಡಿಸಿ ಮೋಟರಿನಲ್ಲಿ ಸರ್ಕ್ಯೂಟ್ ಅಡ್ಡ ಇರುವುದರಿಂದ ಓಮ್ಸ್ ಏನೂ ಹೇಳುವುದಿಲ್ಲ. ಫ್ರಿಜ್ ಓಡುತ್ತಿರುವಾಗ ಬಾಗಿಲಿನ ಸ್ವಿಚ್ ಒತ್ತಿ ಹಿಡಿದು, ಮೋಟರಿನ ಕನೆಕ್ಟರ್‌ನಲ್ಲಿ ವೋಲ್ಟ್ ಬರುತ್ತಿದೆಯಾ ನೋಡಬೇಕು. ಅಕ್ಕಪಕ್ಕದಲ್ಲಿ ಹೀಟರಿನ ಮೇನ್ಸ್ ವೈರ್ ಇರುವುದರಿಂದ ಅಭ್ಯಾಸವಿಲ್ಲದವರು ಇದನ್ನು ಮೆಕ್ಯಾನಿಕ್‌ಗೆ ಬಿಡುವುದು ಒಳ್ಳೆಯದು. ಅಲ್ಲಿ ವೋಲ್ಟೇ ಇಲ್ಲದಿದ್ದರೆ ಎಂಥ ಒಳ್ಳೇ ಮೋಟರ್ ತಂದರೂ ತಿರುಗುವುದಿಲ್ಲ. ಸ್ವಿಚ್ಚೋ, ವೈರೋ, ಬೋರ್ಡೋ ನೋಡಬೇಕು.

ಕೆಲವು ಫ್ರಿಜ್ಜುಗಳಲ್ಲಿ ಹಿಂದೆ ಕೆಳಗಡೆ, ಕಂಪ್ರೆಸರ್ ಪಕ್ಕ ಇನ್ನೊಂದು ಫ್ಯಾನ್ ಇರುತ್ತದೆ. ಅದು ಐಸಿನಲ್ಲಿಲ್ಲ, ಬಿಸಿ ಮತ್ತು ಧೂಳಿನಲ್ಲಿದೆ. ಅದು ಎರಡು ವೈರಿನದ್ದಾದರೆ ಹೊರಗಿನ ಮಾಲಿಗೇ ನನ್ನ ಮತ. ಬದಲಾಯಿಸುವ ದಿನವೇ ಅಲ್ಲಿರುವ, ಬಿಸಿ ಹೊರಹಾಕುವ ಕಾಯಿಲ್ ಮೇಲಿನ ಧೂಳನ್ನು ಬ್ರಶ್ಶಿನಲ್ಲಿ ತೆಗೆದುಬಿಡಿ. ಆ ಮೋಟರ್ ಬೇಗ ಸವೆಯಲು ಹೆಚ್ಚಾಗಿ ಕಾರಣ ಆ ಧೂಳೇ.